ಐನ್‌ಮನೆಯ ಕೈಯಾಲೆಯಲ್ಲಿ ಅಜ್ಜಿಯ ಭಾವಚಿತ್ರ: ಫ್ಲಾಶ್ ಇಲ್ಲದೆ, ಇರುವ ಬೆಳಕಿನಲ್ಲೇ ತೆಗೆಯುವುದು ಹೇಗೆ?

ಕಕ್ಕಬ್ಬೆ_ಕಣ:

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರ್ ಕೊನೆಯ ವಾರದಲ್ಲಿ ನಮ್ಮ ಅಜ್ಜಿಗೆ ಎಂಬತ್ತೈದು ತುಂಬುತ್ತದೆ. ನಮ್ಮ ಒಕ್ಕದವರೆಲ್ಲ, ಅಂದರೆ ಕೊಡವ ಮನೆತನದವರೆಲ್ಲ, ಮೂಲಮನೆಯಾದ ಐನ್‌ಮನೆಯಲ್ಲಿ ಸೇರುವ ಆ ದಿನ ಅವರದೊಂದು ಒಳ್ಳೆಯ ಭಾವಚಿತ್ರ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ನಡುಬಾಡೆಯ (ನಡುಮನೆಯ) ಗೋಡೆಗೆ ತೂಗುಹಾಕಬೇಕೆಂಬುದು ನನ್ನ ಆಸೆ. ಗತಿಸಿದ ಹಿರಿಯರ ಚಿತ್ರಗಳ ಸಾಲಿನಲ್ಲಲ್ಲ, ಅದರ ಎದುರಿನ ಗೋಡೆಗೆ. ಆ ಸಾಲಿಗೆ ಸೇರಲು ತಮಗೆ ಅವಸರವಿಲ್ಲವೆಂದು ಅಜ್ಜಿಯೇ ಸ್ಪಷ್ಟಪಡಿಸಿದ್ದಾರೆ.

ಹೋದ ವರ್ಷವೂ ಪ್ರಯತ್ನಿಸಿ ಮೂರು ಬಾರಿ ಸೋತೆ. ಮೊದಲು, ಊಟಕ್ಕೆ ಮುಂಚೆ ಎಲ್ಲರೂ ಸಿಗುತ್ತಾರೆಂದು ಮಧ್ಯಾಹ್ನ ಹನ್ನೆರಡೂವರೆಗೆ ಅಂಗಳದಲ್ಲಿ ಕುರ್ಚಿ ಹಾಕಿ ತೆಗೆದೆ. ಅಜ್ಜಿಯ ಹಣೆ ಮತ್ತು ಮೂಗಿನ ತುದಿ ಬೆಳ್ಳಗೆ ಉರಿದುಹೋಗಿ, ಕಣ್ಣುಗಳಿರಬೇಕಾದ ಜಾಗದಲ್ಲಿ ಎರಡು ಕಪ್ಪು ಗುಳಿಗಳು ಉಳಿದವು. ನೆರಳು ಒಳ್ಳೆಯದೆಂದು ಯಾರೋ ಹೇಳಿದ ಮೇಲೆ ಕಾಫಿ ತೋಟದೊಳಕ್ಕೆ ಕರೆದೊಯ್ದೆ. ಅಲ್ಲಿ ಮುಖದ ಮೇಲೆಲ್ಲ ಬಿಸಿಲಿನ ಚುಕ್ಕೆಗಳು ಬಿದ್ದು ಚಿರತೆಯ ಮೈಯಂತಾಯಿತು. ಕೊನೆಗೆ, ಎಲ್ಲರೂ ಹೊಗಳುವ ಸಂಜೆಯ ಹೊಂಬೆಳಕಿಗಾಗಿ ಕಾದು ಕುಳಿತೆ. ಪಂಚಾಂಗದ ಪ್ರಕಾರ ಸೂರ್ಯಾಸ್ತ ಆರು ಗಂಟೆಯ ನಂತರವಿದ್ದರೂ ಐದೂಕಾಲು ದಾಟುತ್ತಿದ್ದಂತೆ ಸೂರ್ಯ ತಡಿಯಂಡಮೋಳ್ ಬೆಟ್ಟಸಾಲಿನ ಹಿಂದೆ ಇಳಿದುಬಿಟ್ಟ. ನಾನಿನ್ನೂ ಲೆನ್ಸ್ ಬದಲಿಸುತ್ತಿದ್ದೆ.

ನನ್ನಲ್ಲಿ ಹಳೆಯ ಡಿಎಸ್ಎಲ್‌ಆರ್ ಕ್ಯಾಮೆರಾ, 50 ಮತ್ತು 85 ಮಿಲಿಮೀಟರ್‌ನ ಎರಡು ಲೆನ್ಸ್‌ಗಳು ಇವೆ. ಅಜ್ಜಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಫ್ಲಾಶ್ ಹೊಡೆದರೆ ಬೆಚ್ಚಿಬೀಳುತ್ತಾರೆ, ಆದ್ದರಿಂದ ಅದು ಬೇಡ. ಡಿಸೆಂಬರ್‌ಗೆ ಇನ್ನೂ ಎರಡು ತಿಂಗಳಿದೆ. ಎಲ್ಲಿಂದ ಆರಂಭಿಸಲಿ?

ಸೋಮವಾರಪೇಟೆ_ಮೇಷ್ಟ್ರು:

ನಿಮ್ಮ ಮೂರು ಸೋಲುಗಳಿಗೂ ಲೆಕ್ಕದಲ್ಲಿ ಉತ್ತರವಿದೆ. ಭೌತಶಾಸ್ತ್ರ ಕಲಿಸುವವನಾದ್ದರಿಂದ ಅದನ್ನಷ್ಟು ಹೇಳುತ್ತೇನೆ, ಕ್ಯಾಮೆರಾದ ಮಾತನ್ನು ಬಲ್ಲವರು ಹೇಳಲಿ.

ನಮ್ಮ ಕೊಡಗು ಜಿಲ್ಲೆ ಸುಮಾರು 75.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಿಜವಾದ ನಡುಮಧ್ಯಾಹ್ನ ಗಡಿಯಾರದ ಹನ್ನೆರಡಕ್ಕೆ ಬರದೆ, ಹನ್ನೆರಡೂವರೆಯ ಆಸುಪಾಸಿನಲ್ಲಿ ಬರುತ್ತದೆ. ಅಂದರೆ ನೀವು ಕುರ್ಚಿ ಹಾಕಿದ್ದು, ಇಡೀ ದಿನದಲ್ಲಿ ಸೂರ್ಯ ಅತ್ಯಂತ ಮೇಲಿದ್ದ ಗಳಿಗೆಗೆ ಸರಿಯಾಗಿ. ಬೆಳಕು ಮೇಲಿನಿಂದ ಬಿದ್ದಾಗ ಹುಬ್ಬಿನ ಮೂಳೆಯೇ ಕಣ್ಣಿಗೆ ಸೂರು ಆಗುತ್ತದೆ. ವಯಸ್ಸಾದವರ ಕಣ್ಣುಗಳು ಸ್ವಲ್ಪ ಒಳಗೆ ಇಳಿದಿರುವುದರಿಂದ ಆ ಸೂರಿನ ನೆರಳು ಇನ್ನೂ ಗಾಢವಾಗುತ್ತದೆ.

ಗಡಿಯಾರ ನೋಡುವ ಬದಲು ನಿಮ್ಮ ನೆರಳನ್ನು ನೋಡಿಕೊಳ್ಳಿ. ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಬಯಲಿನಲ್ಲಿ ಮುಖದ ಚಿತ್ರ ಬೇಡ. ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ಈ ಸ್ಥಿತಿ ಇರುವುದು ಸರಿಸುಮಾರು ಬೆಳಿಗ್ಗೆ 10.30ರಿಂದ ಮಧ್ಯಾಹ್ನ 2.15ರವರೆಗೆ ಮಾತ್ರ. ಅದೇ ಏಪ್ರಿಲ್ ಕೊನೆಯಲ್ಲಾದರೆ 9.20ಕ್ಕೇ ಆರಂಭವಾಗಿ 3.30ರವರೆಗೆ ಮುಂದುವರಿಯುತ್ತದೆ, ಏಕೆಂದರೆ ಆಗ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ. ಡಿಸೆಂಬರ್‌ನಲ್ಲಿ ಅವನು ದಕ್ಷಿಣಕ್ಕೆ ವಾಲಿ, ಮಧ್ಯಾಹ್ನವೂ 54 ಡಿಗ್ರಿಯಷ್ಟು ಎತ್ತರಕ್ಕೆ ಮಾತ್ರ ಏರುತ್ತಾನೆ. ನಿಮ್ಮ ಅಜ್ಜಿ ಹುಟ್ಟಿದ ತಿಂಗಳು ಛಾಯಾಗ್ರಹಣಕ್ಕೆ ಒಳ್ಳೆಯದೇ.

ಇನ್ನು ಸಂಜೆಯ ಹೊಂಬೆಳಕು. ಈ ಕಲೆಯ ಪುಸ್ತಕಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕಗಳ ಉತ್ತರ ಭಾಗದಲ್ಲಿ ಹುಟ್ಟಿದವು. ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತ ಮುಳುಗುತ್ತಾನೆ, ನಮ್ಮಲ್ಲಿ ಬಾವಿಗೆ ಬಿಟ್ಟ ಕೊಡದಂತೆ ನೇರವಾಗಿ ಇಳಿಯುತ್ತಾನೆ. ಮಾರ್ಚ್ ಅಥವಾ ಸೆಪ್ಟೆಂಬರ್‌ನಲ್ಲಿ ಸೂರ್ಯ ದಿಗಂತದಿಂದ 6 ಡಿಗ್ರಿ ಮೇಲಿರುವಲ್ಲಿಂದ ಮುಳುಗುವವರೆಗೆ ಲಂಡನ್ನಿನಲ್ಲಿ ಸುಮಾರು 39 ನಿಮಿಷ ಹಿಡಿದರೆ ನಮ್ಮಲ್ಲಿ 25 ನಿಮಿಷ ಸಾಕು. ಅದಕ್ಕೂ ಮೊದಲು ಬೆಟ್ಟವೊಂದು ಅಡ್ಡ ಬಂದರೆ ಆ 25 ನಿಮಿಷವೂ ಇಲ್ಲ. ಕಕ್ಕಬ್ಬೆಯ ಕಣಿವೆಯಲ್ಲಿ ಕುಳಿತು ಪುಸ್ತಕದ ಹೊಂಬೆಳಕಿಗೆ ಕಾಯುವುದು, ನಿಲ್ದಾಣವಿಲ್ಲದ ಊರಿನಲ್ಲಿ ರೈಲಿಗೆ ಕಾದಂತೆ.

ರಾಜಾಸೀಟ್_ಸಂಜೆ:

ಅಜ್ಜಿಯನ್ನು ಒಂದು ಸಂಜೆ ಮಡಿಕೇರಿಯ ರಾಜಾಸೀಟಿಗೆ ಕರೆತಂದರೆ ಆಗದೇ? ಅಲ್ಲಿ ಪಶ್ಚಿಮಕ್ಕೆ ಕಣಿವೆ ತೆರೆದುಕೊಂಡಿರುವುದರಿಂದ ಕೊನೆಯ ಕಿರಣದವರೆಗೂ ಬೆಳಕು ಸಿಗುತ್ತದೆ.

ಹಳೆಲೆನ್ಸ್:

ಆಗುತ್ತದೆ. ಆದರೆ ಆ ಕೊನೆಯ ಕಿರಣಕ್ಕಾಗಿ ನೂರಾರು ಮಂದಿ ಮೊಬೈಲ್ ಹಿಡಿದು ಅಲ್ಲೇ ನಿಂತಿರುತ್ತಾರೆ, ಎಂಬತ್ತೈದರ ಅಜ್ಜಿ ನೇರವಾಗಿ ಸೂರ್ಯನಿಗೆ ಮುಖಮಾಡಿ ಕಣ್ಣು ಕಿರಿದು ಮಾಡಿ ನಿಲ್ಲಬೇಕಾಗುತ್ತದೆ. ಮನೆಯಲ್ಲೇ ಒಳ್ಳೆಯ ಬೆಳಕಿರುವಾಗ ಅಷ್ಟು ದೂರದ ಪ್ರಯಾಣ ಯಾಕೆ?

ಕಕ್ಕಬ್ಬೆ_ಕಣ ಅವರೇ, ನಿಮ್ಮ ಐನ್‌ಮನೆಯ ಮುಖ ಪೂರ್ವಕ್ಕಿದೆಯೆಂದು ಭಾವಿಸುತ್ತೇನೆ, ಹೆಚ್ಚಿನವು ಹಾಗೇ ಇರುತ್ತವೆ. ಹಾಗಿದ್ದರೆ ಮಧ್ಯಾಹ್ನ ಎರಡೂವರೆಯ ನಂತರ ಸೂರ್ಯ ಮನೆಯ ಹಿಂದಕ್ಕೆ ಹೋಗಿರುತ್ತಾನೆ, ಮನೆಯ ನೆರಳು ಅಂಗಳದ ಅರ್ಧದವರೆಗೆ ಚಾಚಿರುತ್ತದೆ ಮತ್ತು ಉಳಿದರ್ಧ ಅಂಗಳ ಬಿಸಿಲಿನಲ್ಲಿ ಹೊಳೆಯುತ್ತಿರುತ್ತದೆ. ಆಗ ಕೈಯಾಲೆಯ (ಮುಂಜಗಲಿಯ) ಕಂಬಗಳ ನಡುವಿನ ಐಮರದ, ಅಂದರೆ ಕೂರುವ ಮರದ ಹಲಗೆಯ ಮೇಲೆ ಅಜ್ಜಿಯನ್ನು ಕೂರಿಸಿ. ಸೂರು ಮೇಲಿನ ಬೆಳಕನ್ನು ತಡೆಯುತ್ತದೆ, ಮುಂದಿನ ತೆರೆದ ಆಕಾಶ ಮತ್ತು ಬಿಸಿಲಿನ ಅಂಗಳ ಎರಡೂ ಸೇರಿ ಎದುರಿನಿಂದ ಮೆದುವಾದ ಬೆಳಕನ್ನು ಕೊಡುತ್ತವೆ. ಬೆಳಕಿನ ಮೂಲ ಎಷ್ಟು ದೊಡ್ಡದೋ ನೆರಳಿನ ಅಂಚು ಅಷ್ಟು ಮೃದು. ಆಕಾಶದಲ್ಲಿ ಸೂರ್ಯನ ಬಿಂಬ ಅರ್ಧ ಡಿಗ್ರಿಯಷ್ಟೇ ಅಗಲವಿರುವುದರಿಂದ ಅವನ ನೆರಳಿಗೆ ಕತ್ತಿಯಂಥ ಅಂಚು. ಕೈಯಾಲೆಯ ಮುಂದಿರುವ ಆಕಾಶವೋ ಮೂಲೆಯಿಂದ ಮೂಲೆಯವರೆಗೆ ಹರಡಿದ ಬಿಳಿಯ ಗೋಡೆ.

ಒಂದು ಸಣ್ಣ ಪ್ರಯೋಗ ಮಾಡಿ. ನಿಮ್ಮ ಅಂಗೈಯನ್ನು ಮುಖದ ಎತ್ತರಕ್ಕೆ ಹಿಡಿದುಕೊಂಡು ಅಂಗಳದಿಂದ ಕೈಯಾಲೆಗೆ, ಅಲ್ಲಿಂದ ಬಾಗಿಲವರೆಗೆ ನಿಧಾನವಾಗಿ ನಡೆಯಿರಿ. ಅಂಗಳದಲ್ಲಿ ಬೆರಳುಗಳ ನೆರಳು ಅಂಗೈ ಮೇಲೆ ಗೆರೆ ಕೊಯ್ದಂತೆ ಕಾಣುತ್ತದೆ. ಸೂರಿನ ಅಂಚಿಗೆ ಬಂದಾಗ ಗೆರೆ ಮಾಯವಾಗಿ ಚರ್ಮದ ಬಣ್ಣ ತುಂಬಿ ಬರುತ್ತದೆ. ಇನ್ನೆರಡು ಹೆಜ್ಜೆ ಒಳಗಿಟ್ಟರೆ ಹೊರಗಿನ ಬದಿ ಬೆಳಗಿ, ಒಳಗಿನ ಬದಿ ಕಪ್ಪಾಗುತ್ತದೆ. ಬಾಗಿಲ ಹತ್ತಿರ ಹೋದರೆ ಅಂಗೈ ಮಂಕಾಗುತ್ತದೆ. ಈ ನಾಲ್ಕು ಹೆಜ್ಜೆಗಳಲ್ಲಿ ಎಲ್ಲಿ ನಿಲ್ಲಬೇಕೆಂಬುದು ಮುಖದ ಮೇಲೆ ಅವಲಂಬಿಸಿದೆ. ಮುದುಕರ ಮುಖದ ಸುಕ್ಕುಗಳನ್ನು ಅಳಿಸಬಾರದು, ಕೆತ್ತಲೂಬಾರದು. ನನ್ನ ಅಭಿಪ್ರಾಯದಲ್ಲಿ ಸೂರಿನ ಅಂಚಿನಿಂದ ಒಂದು ಹೆಜ್ಜೆ ಒಳಗೆ, ಮುಖವನ್ನು ಅಂಗಳದ ಕಡೆಗೆ ಮುಕ್ಕಾಲು ಪಾಲು ತಿರುಗಿಸಿ ಕೂರಿಸುವುದು ಸರಿ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ. ಕಣ್ಣಿನ ಕಪ್ಪಿನೊಳಗೆ ಆಕಾಶದ ಒಂದು ತುಣುಕು ಹೊಳೆಯುತ್ತಿದೆಯೇ ಎಂದು ನೋಡಿಕೊಂಡೇ ಕ್ಲಿಕ್ಕಿಸಿ. ಅದಿಲ್ಲದಿದ್ದರೆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಮುಖಕ್ಕೆ ಜೀವ ಬರುವುದಿಲ್ಲ.

ತೋಟದನೆರಳು:

ಕಾಫಿ ತೋಟದ ನೆರಳಿನ ಬಗ್ಗೆ ಬೆಳೆಗಾರನಾಗಿ ಎರಡು ಮಾತು, ಅದನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ.

ನಮ್ಮ ತೋಟದೊಳಗಿನ ಬೆಳಕು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿಸಿದಾಗ ಕೊಂಬೆಗಳು ಇಳಿದು ಆಕಾಶ ತೆರೆದುಕೊಳ್ಳುತ್ತದೆ, ಡಿಸೆಂಬರ್ ಹೊತ್ತಿಗೆ ಮತ್ತೆ ಚಿಗುರಿ ಮುಚ್ಚಿಕೊಂಡಿರುತ್ತದೆ. ಅರೇಬಿಕಾ ತೋಟದಲ್ಲಿ ನೆರಳು ದಟ್ಟ, ರೊಬಸ್ಟಾದಲ್ಲಿ ತೆಳು. ಆದ್ದರಿಂದ "ತೋಟದ ನೆರಳು" ಎಂದರೆ ಯಾವ ತೋಟದ, ಯಾವ ತಿಂಗಳ ನೆರಳು ಎಂದು ಕೇಳಬೇಕಾಗುತ್ತದೆ.

ಆ ಚಿರತೆ ಚುಕ್ಕೆಗಳ ವಿಷಯ ಸ್ವಾರಸ್ಯಕರವಾದದ್ದು. ಎಲೆಗಳ ನಡುವಿನ ಕಿಂಡಿ ಯಾವ ಆಕಾರದಲ್ಲಿದ್ದರೂ ನೆಲದ ಮೇಲೆ ಬೀಳುವ ಚುಕ್ಕೆ ದುಂಡಗೇ ಇರುವುದನ್ನು ಗಮನಿಸಿದ್ದೀರಾ? ಪ್ರತಿಯೊಂದು ಕಿಂಡಿಯೂ ಸೂಜಿರಂಧ್ರದ ಕ್ಯಾಮೆರಾದಂತೆ ಕೆಲಸ ಮಾಡಿ ಸೂರ್ಯನ ಬಿಂಬವನ್ನೇ ಕೆಳಗೆ ಬಿಡಿಸುತ್ತದೆ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ದಿನ ಕುಟ್ಟದ ಕಡೆ ತೋಟದಲ್ಲಿದ್ದೆ. ಮೇಲೆ ನೋಡಲು ಕನ್ನಡಕಕ್ಕಾಗಿ ಎಲ್ಲರೂ ಪರದಾಡುತ್ತಿದ್ದರೆ, ಕಾಲಡಿಯ ಒಣಗಿದ ಎಲೆಗಳ ಮೇಲೆ ನೂರಾರು ಬಳೆಗಳು ಬಿದ್ದಿದ್ದವು.

ಮೇಷ್ಟ್ರು ಒಪ್ಪುವುದಾದರೆ ಲೆಕ್ಕ ಹೀಗೆ: ಚುಕ್ಕೆಯ ಅಗಲ, ಕಿಂಡಿಯ ದೂರದ ನೂರರಲ್ಲೊಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಹತ್ತು ಮೀಟರ್ ಮೇಲಿನ ಕೊಂಬೆಯಿಂದ ಬಂದರೆ ಸುಮಾರು 9 ಸೆಂಟಿಮೀಟರ್, ಅಂದರೆ ಒಂದು ಕೆನ್ನೆಯನ್ನು ಸರಿಯಾಗಿ ಮುಚ್ಚುವಷ್ಟು. ಆ ಚುಕ್ಕೆ ಸುತ್ತಲಿನ ನೆರಳಿಗಿಂತ ಮೂರು ಸ್ಟಾಪ್‌ಗೂ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚು ಪ್ರಕಾಶಮಾನವಾಗಿರುವುದರಿಂದ, ಮುಖಕ್ಕೆ ಹೊಂದಿಸಿದರೆ ಚುಕ್ಕೆ ಉರಿದುಹೋಗುತ್ತದೆ, ಚುಕ್ಕೆಗೆ ಹೊಂದಿಸಿದರೆ ಮುಖ ಕತ್ತಲಾಗುತ್ತದೆ. ತಗ್ಗಾದ ಹಾಲುವಾಣ ಮರದ ನೆರಳಿನಲ್ಲಿ ಚುಕ್ಕೆಗಳು ಚಿಕ್ಕದಾಗಿ ಚೂಪಾಗಿರುತ್ತವೆ. ಎತ್ತರದ ಹಳೆಯ ಕಾಡುಮರಗಳ ಕೆಳಗಾದರೆ ಅವು ದೊಡ್ಡದಾಗಿ, ಒಂದರ ಮೇಲೊಂದು ಬೆರೆತು, ಹದವಾದ ಬೆಳಕಾಗುತ್ತವೆ. ಜಾಗ ಹುಡುಕುವಾಗ ಆಕಾಶ ನೋಡಬೇಡಿ, ನೆಲ ನೋಡಿ. ಚುಕ್ಕೆಯಿಲ್ಲದ ಒಂದು ಚಾಪೆಯಷ್ಟು ಜಾಗ ಸಿಕ್ಕರೆ ಅಲ್ಲಿ ನಿಲ್ಲಿಸಿ. ಹಿಂದಿನ ಕಾಫಿ ಗಿಡಗಳ ಮೇಲೆ, ಮೆಣಸಿನ ಬಳ್ಳಿಯ ಮೇಲೆ ಎಷ್ಟು ಚುಕ್ಕೆ ಬಿದ್ದರೂ ಚಿಂತೆಯಿಲ್ಲ, 85ರ ಲೆನ್ಸಿನಲ್ಲಿ ಅವೇ ಹಿಂಬದಿಯ ಹೊಳಪಾಗುತ್ತವೆ.

ಮದುವೆಮನೆ_ಕ್ಯಾಮೆರಾ:

ಹನ್ನೆರಡು ವರ್ಷಗಳಿಂದ ಈ ಜಿಲ್ಲೆಯ ಮದುವೆಗಳನ್ನು ತೆಗೆಯುತ್ತಿರುವವನಾಗಿ ಸ್ವಲ್ಪ ಭಿನ್ನಾಭಿಪ್ರಾಯ. ಎರಡೂವರೆಯವರೆಗೆ ಕಾಯುವ ಐಷಾರಾಮ ಎಲ್ಲರಿಗೂ ಇರುವುದಿಲ್ಲ. ಮುಹೂರ್ತ ಮುಗಿದು ಹನ್ನೊಂದೂವರೆಗೆ ಮದುಮಗ ಹೊರಗೆ ಬಂದರೆ ಅವನನ್ನು ಆಗಲೇ ತೆಗೆಯಬೇಕು. ಅಂಥಲ್ಲಿ ಸೂರ್ಯನನ್ನು ಬೆನ್ನಿಗೆ ಹಾಕಿ ನಿಲ್ಲಿಸಿ, ಮುಖಕ್ಕೆ ಸಣ್ಣ ಫ್ಲಾಶ್ ಅಥವಾ ರಿಫ್ಲೆಕ್ಟರ್ (ಬೆಳಕನ್ನು ಮರಳಿಸುವ ಹಲಗೆ) ಕೊಡುವುದೇ ದಾರಿ. ಅಜ್ಜಿಗೆ ಫ್ಲಾಶ್ ಆಗದಿರಬಹುದು, ಆದರೆ ಅದನ್ನು ಅಪರಾಧವೆಂಬಂತೆ ನೋಡುವುದು ಬೇಡ.

ಈ ಚರ್ಚೆಯಲ್ಲಿ ಇನ್ನೂ ಯಾರೂ ಹೇಳದ ಮಾತು ನಮ್ಮ ಉಡುಪಿನದು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ತನ್ನ ಎದುರಿಗಿರುವುದೆಲ್ಲ ಸರಾಸರಿ ಬೂದುಬಣ್ಣದ್ದೆಂದು ನಂಬಿಕೊಂಡಿರುತ್ತದೆ. ಕಪ್ಪು ಕುಪ್ಯ (ಕೊಡವರ ನಿಲುವಂಗಿ) ತೊಟ್ಟವರು ಚೌಕಟ್ಟು ತುಂಬಿ ನಿಂತರೆ ಮೀಟರ್ ಗಾಬರಿಬಿದ್ದು ಬೆಳಕನ್ನು ಏರಿಸುತ್ತದೆ. ಕುಪ್ಯ ಬೂದಿಯಾಗಿ, ಮುಖ ಸುಣ್ಣವಾಗಿ, ಸೊಂಟಕ್ಕೆ ಕಟ್ಟುವ ಚೇಲೆಯ ಕೆಂಪು ಕಿತ್ತಳೆಯಾಗಿ ಬರುತ್ತದೆ. ಅಲ್ಲಿ ಎಕ್ಸ್‌ಪೋಷರನ್ನು ಮೂರನೆಯ ಎರಡರಿಂದ ಒಂದು ಸ್ಟಾಪ್‌ವರೆಗೆ ಇಳಿಸಬೇಕು. ಮದುಮಗನ ಬಿಳಿ ಕುಪ್ಯಕ್ಕೆ ಇದೇ ತಿರುಗುಮುರುಗು. ಬಿಳಿ ಕುಪ್ಯದ ಇನ್ನೊಂದು ಉಪಕಾರವೆಂದರೆ ಅದೇ ಒಂದು ರಿಫ್ಲೆಕ್ಟರ್. ಎದೆಯ ಮೇಲೆ ಬಿದ್ದ ಬೆಳಕು ಗಲ್ಲದ ಕೆಳಗಿನ ನೆರಳನ್ನು ತಾನೇ ತುಂಬುತ್ತದೆ. ಮದುಮಗಳ ಕೆಂಪು ಸೀರೆ ಹಾಗಲ್ಲ. ಬಿಸಿಲಿನಲ್ಲಿ ಅದು ದವಡೆಯ ಕೆಳಗೆ ಕೆಂಪನ್ನು ಎರಚುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ತಿದ್ದುವುದು ತಲೆನೋವಿನ ಕೆಲಸ.

ಸರಿಯಾದ ಉಪಾಯವೆಂದರೆ ಸ್ಪಾಟ್ ಮೀಟರನ್ನು (ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವುದು) ಮುಖದ ಮೇಲಿಟ್ಟು ಅಳೆದು, ಮ್ಯಾನ್ಯುಯಲ್‌ನಲ್ಲಿ ಬಿಗಿ ಮಾಡಿಬಿಡುವುದು. ಅಜ್ಜಿ ಕೂತಲ್ಲಿ ಬೆಳಕು ಬದಲಾಗದಿದ್ದರೆ ಆಮೇಲೆ ಮೀಟರಿನ ಮಾತು ಕೇಳಬೇಕಿಲ್ಲ.

ಕಕ್ಕಬ್ಬೆ_ಕಣ:

ಎಲ್ಲರಿಗೂ ಕೃತಜ್ಞತೆಗಳು. ನವೆಂಬರ್‌ನ ಎರಡನೆಯ ಭಾನುವಾರ ಅಭ್ಯಾಸಕ್ಕೆಂದು ಅಕ್ಕನ ಮಗನನ್ನು ಐಮರದ ಮೇಲೆ ಕೂರಿಸಿ, ಮೂರು ಗಂಟೆಗೆ 85ರ ಲೆನ್ಸಿನಲ್ಲಿ ಎಫ್/2.8, 1/200 ಸೆಕೆಂಡು, ಐಎಸ್‌ಒ 400ರಲ್ಲಿ ತೆಗೆದೆ. ಕಣ್ಣುಗಳು ಕಾಣಿಸಿದವು, ಅದೇ ದೊಡ್ಡ ಸಂತೋಷ. ಆದರೆ ಎರಡು ದೋಷಗಳು ಉಳಿದಿವೆ. ಹುಡುಗನ ಮುಖದಲ್ಲಿ, ಮುಖ್ಯವಾಗಿ ಗಲ್ಲದ ಕೆಳಗೆ, ತೆಳುವಾದ ಹಸಿರು ಛಾಯೆ ಇದೆ. ಜ್ವರದಿಂದ ಎದ್ದವನಂತೆ ಕಾಣುತ್ತಾನೆ. ಎರಡನೆಯದಾಗಿ, ಮನೆಯ ಒಳಗಿನ ಕಡೆಗಿರುವ ಕೆನ್ನೆ ತೀರಾ ಕತ್ತಲಾಗಿದೆ. ನಮ್ಮ ಅಂಗಳಕ್ಕೆ ಇತ್ತೀಚೆಗೆ ಹುಲ್ಲುಹಾಸು ಹಾಕಿಸಿದ್ದಾರೆ, ಅದರಾಚೆ ಕಾಫಿ ಕಣ, ಆಮೇಲೆ ತೋಟ.

ಹಳೆಲೆನ್ಸ್:

ಹುಲ್ಲುಹಾಸೇ ಅಪರಾಧಿ. ಅಂಗಳದಿಂದ ಪುಟಿದ ಬೆಳಕು ಅಂಗಳದ ಬಣ್ಣವನ್ನೇ ಹೊತ್ತು ತರುತ್ತದೆ. ಹಳೆಯ ಕಾಲದ ಸಗಣಿ ಸಾರಿಸಿದ ಅಂಗಳವೋ ಕೆಮ್ಮಣ್ಣಿನ ಅಂಗಳವೋ ಇದ್ದಿದ್ದರೆ ಮುಖಕ್ಕೆ ಬೆಚ್ಚನೆಯ ಬಣ್ಣ ಬರುತ್ತಿತ್ತು. ಹೊಸ ಹುಲ್ಲಿನ ಮೇಲೆ ನನಗೆ ಮೊದಲಿಂದಲೂ ಮುನಿಸು, ಅದು ಬೇರೆ ಮಾತು.

ಬಣ್ಣಕ್ಕೆ ಮದ್ದು: ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣಕ್ಕೆ ಚಿತ್ರವನ್ನು ಹೊಂದಿಸುವ ಆಯ್ಕೆ) ಆಟೋದಲ್ಲಿ ಬಿಡಬೇಡಿ. ನೇರ ಬಿಸಿಲಿನ ಬಣ್ಣದ ತಾಪ ಸುಮಾರು 5,500 ಕೆಲ್ವಿನ್ ಇದ್ದರೆ, ನೀಲಿ ಆಕಾಶದ ಬೆಳಕಷ್ಟೇ ಬೀಳುವ ನೆರಳು 7,000ದಿಂದ 8,000 ಕೆಲ್ವಿನ್‌ನಷ್ಟು ನೀಲಿಯಾಗಿರುತ್ತದೆ. ಅದರ ಮೇಲೆ ನಿಮಗೆ ಹುಲ್ಲಿನ ಹಸಿರೂ ಸೇರಿದೆ. 18 ಪ್ರತಿಶತದ ಬೂದು ಕಾರ್ಡ್ ಸಿಕ್ಕರೆ ಅಜ್ಜಿಯ ಕೈಯಲ್ಲಿ ಹಿಡಿಸಿ ಒಂದು ಚಿತ್ರ ತೆಗೆದುಕೊಳ್ಳಿ. ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಕಡತ) ಆ ಕಾರ್ಡಿಗೆ ಸರಿಮಾಡಿದರೆ ಆ ಜಾಗದ ಎಲ್ಲ ಚಿತ್ರಗಳೂ ಹೆಚ್ಚುಕಡಿಮೆ ಸರಿಹೋಗುತ್ತವೆ. ಉಳಿದ ಹಸಿರಿಗೆ ಟಿಂಟ್ ಸ್ಲೈಡರನ್ನು ಮಜೆಂಟಾ ಕಡೆಗೆ ಸ್ವಲ್ಪ ದೂಡಿ. ಆದರೆ ಗಲ್ಲದ ಕೆಳಗೊಂದು ಬಣ್ಣ, ಹಣೆಯ ಮೇಲೊಂದು ಬಣ್ಣ ಇರುವಾಗ ಯಾವ ಸ್ಲೈಡರ್ ಕೂಡ ಎರಡನ್ನೂ ಸರಿಪಡಿಸಲಾರದು. ಆದ್ದರಿಂದ ಹುಲ್ಲನ್ನೇ ಮುಚ್ಚುವುದು ಲೇಸು. ಅಜ್ಜಿಯ ಮುಂದಿನ ಎರಡು ಮೂರು ಮೀಟರ್ ಹುಲ್ಲಿನ ಮೇಲೆ ಹಳೆಯ ಬಿಳಿ ಪಂಚೆಯನ್ನೋ ಬಿಡಿಸಿದ ಗೋಣಿಚೀಲಗಳನ್ನೋ ಹಾಸಿ. ಗೋಣಿಯಾದರೆ ಬೆಚ್ಚನೆಯ ಬಣ್ಣವೂ ಬರುತ್ತದೆ.

ಕತ್ತಲೆಯ ಕೆನ್ನೆಗೆ ಮನೆಯ ಒಳಗಿನ ಕಡೆ, ಮುಖದಿಂದ ಒಂದೂವರೆ ಮೀಟರ್ ದೂರದಲ್ಲಿ ಒಂದು ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿದರೆ ಸಾಕು. ಬೆಳ್ಳಿಬಣ್ಣದ ರಿಫ್ಲೆಕ್ಟರ್ ಖಂಡಿತ ಬೇಡ, ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಅದು ಫ್ಲಾಶಿಗಿಂತಲೂ ಹಿಂಸೆ. ಹಲಗೆಯನ್ನು ಮಡಿಲಲ್ಲೂ ಇಡಬೇಡಿ. ಕೆಳಗಿನಿಂದ ಬರುವ ಬೆಳಕು ಎದುರಿನದಕ್ಕಿಂತ ಬಲವಾದರೆ ಮುಖ ಭೂತದ ನಾಟಕದ್ದಾಗುತ್ತದೆ.

ತೋಟದನೆರಳು:

ಕಣ ಇದೆಯೆಂದಿರಿ. ಡಿಸೆಂಬರ್‌ನಲ್ಲಿ ಅರೇಬಿಕಾ ಹಣ್ಣು ಅದರ ಮೇಲೆ ಒಣಗುತ್ತಿರುತ್ತದೆಯಲ್ಲವೇ? ಬರಿಯ ಸಿಮೆಂಟ್ ಕಣ ಈ ಇಡೀ ಜಿಲ್ಲೆಯಲ್ಲಿ ಸಿಗುವ ಅತಿ ದೊಡ್ಡ, ಬಣ್ಣವಿಲ್ಲದ ರಿಫ್ಲೆಕ್ಟರ್. ಅದರ ಮೇಲೆ ಕೆಂಪು ಹಣ್ಣು ಹರಡಿದ ಮೊದಲೆರಡು ದಿನ ಬೆಳಕು ಕೆಂಪಾಗುತ್ತದೆ, ಕಪ್ಪಾಗಿ ಒಣಗಿದ ಮೇಲೆ ಬೆಳಕನ್ನೇ ನುಂಗಿಬಿಡುತ್ತದೆ. ಆ ಒಂದು ದಿನ ಮಧ್ಯಾಹ್ನ ಮನೆಯ ಕಡೆಗಿರುವ ಪಟ್ಟಿಯಷ್ಟನ್ನು ಗುಡ್ಡೆ ಮಾಡಿಸಿ ಖಾಲಿ ಬಿಡಿಸಿ.

ಮೊಬೈಲ್‌ಮಾತ್ರ:

ನನ್ನಲ್ಲಿ ಕ್ಯಾಮೆರಾ ಇಲ್ಲ, ಮೊಬೈಲ್ ಮಾತ್ರ. ಇದೆಲ್ಲ ನನಗೂ ಅನ್ವಯಿಸುತ್ತದೆಯೇ?

ಮದುವೆಮನೆ_ಕ್ಯಾಮೆರಾ:

ಬೆಳಕಿಗೆ ಕ್ಯಾಮೆರಾದ ಬೆಲೆ ಗೊತ್ತಿಲ್ಲ, ಎಲ್ಲವೂ ಅನ್ವಯಿಸುತ್ತದೆ. ಮುಖದ ಮೇಲೆ ಒತ್ತಿ ಹಿಡಿದು ಎಕ್ಸ್‌ಪೋಷರ್ ಬಿಗಿಮಾಡಿ, ಸ್ಲೈಡರನ್ನು ಕೊಂಚ ಕೆಳಗೆ ಎಳೆಯಿರಿ, ಏಕೆಂದರೆ ಮೊಬೈಲ್‌ಗಳು ಮುಖವನ್ನು ಅಗತ್ಯಕ್ಕಿಂತ ಬೆಳ್ಳಗೆ ಮಾಡುವ ಚಟದವು. ಹತ್ತಿರ ನುಗ್ಗಬೇಡಿ, ಎರಡರಷ್ಟು ಹಿಗ್ಗಿಸುವ ಲೆನ್ಸ್ ಇದ್ದರೆ ಅದರಲ್ಲಿ ದೂರದಿಂದ ತೆಗೆಯಿರಿ. ಮಂಜಿನಲ್ಲಾದರೆ ಪ್ರತಿ ಚಿತ್ರಕ್ಕೆ ಮುಂಚೆ ಲೆನ್ಸ್ ಒರೆಸಿಕೊಳ್ಳಿ.

ಮಂಜುಮಡಿಕೇರಿ:

ಮಂಜಿನ ಮಾತು ಬಂತು, ಅದಕ್ಕಾಗಿಯೇ ಕಾಯುತ್ತಿದ್ದೆ. ಎಲ್ಲರೂ ಬಿಸಿಲನ್ನು ಹೇಗೆ ತಪ್ಪಿಸಿಕೊಳ್ಳಬೇಕೆಂದು ಬರೆಯುತ್ತಿದ್ದೀರಿ. ವರ್ಷದ ನಾಲ್ಕು ತಿಂಗಳು ಬಿಸಿಲೇ ಕಾಣದ ಊರಿನವನ ಅನುಭವವನ್ನೂ ಕೇಳಿ.

ಮೋಡ ಕವಿದ ದಿನ ಭಾವಚಿತ್ರಕ್ಕೆ ಶ್ರೇಷ್ಠವೆಂದು ಎಲ್ಲೆಡೆ ಹೇಳುತ್ತಾರೆ, ಅದು ಅರ್ಧಸತ್ಯ. ಮೋಡದ ಬೆಳಕು ಮೆದುವಾದದ್ದು ನಿಜ, ಆದರೆ ಅದಕ್ಕೆ ದಿಕ್ಕಿಲ್ಲವೆಂಬುದು ಸುಳ್ಳು. ಮೋಡ ಕವಿದ ಆಕಾಶ ನೆತ್ತಿಯ ಮೇಲೆ ಅತಿ ಹೆಚ್ಚು ಬೆಳಗಿ ಅಂಚುಗಳಲ್ಲಿ ಮಂಕಾಗಿರುತ್ತದೆ, ಸುತ್ತಲೂ ಬೆಟ್ಟ ಮರಗಳಿರುವ ನಮ್ಮಲ್ಲಂತೂ ಬೆಳಕು ಮೇಲಿನಿಂದಲೇ ಸುರಿಯುತ್ತದೆ. ಹೀಗಾಗಿ ಜುಲೈ ತಿಂಗಳಲ್ಲೂ ಕಣ್ಣಿನ ಕೆಳಗೆ ನೆರಳಿನ ಚೀಲಗಳು ಮೂಡುತ್ತವೆ. ಇದಕ್ಕೆ ಪ್ರತಿ ಮನೆಯಲ್ಲೂ ಇರುವ ಒಂದು ಉಪಕರಣ ಸಾಕು, ಕಪ್ಪು ಕೊಡೆ. ತೆಗೆಯಿಸಿಕೊಳ್ಳುವವರ ತಲೆಯ ಮೇಲೆ ಚೌಕಟ್ಟಿನ ಹೊರಗೆ ಯಾರಾದರೂ ಕೊಡೆ ಹಿಡಿದರೆ ಮೇಲಿನ ಬೆಳಕು ನಿಂತು, ಬದಿಯ ಬೆಳಕು ಕಣ್ಣಿಗೆ ಇಳಿಯುತ್ತದೆ. ಕೊಡೆಯನ್ನು ಇಂಚಿಂಚಾಗಿ ಹಿಂದೆ ಸರಿಸುತ್ತ ಹೋದರೆ ಹಣೆಯಿಂದ ಗಲ್ಲದವರೆಗೆ ಬೆಳಕು ಇಳಿಯುವುದನ್ನು ಬರಿಗಣ್ಣಿನಲ್ಲೇ ನೋಡಬಹುದು.

ಇನ್ನು ಡಿಸೆಂಬರ್‌ನ ಬೆಳಗಿನ ಮಂಜು. ದಟ್ಟ ಮಂಜಿನಲ್ಲಿ ಕ್ಯಾಮೆರಾ ಮೋಸಹೋಗಿ ಚಿತ್ರವನ್ನು ಕಪ್ಪಾಗಿಸುತ್ತದೆ, ಮೂರನೆಯ ಎರಡರಿಂದ ಒಂದು ಸ್ಟಾಪ್‌ವರೆಗೆ ಏರಿಸಬೇಕು. ದೂರ ಹೆಚ್ಚಿದಷ್ಟೂ ನಡುವಿನ ಮಂಜಿನ ಹನಿಗಳು ಬೆಳಕನ್ನು ಚದುರಿಸಿ ಮುಖದ ಗಾಢತೆಯನ್ನು ತಿಂದುಹಾಕುವುದರಿಂದ, ಎರಡು ಮೀಟರಿಗಿಂತ ದೂರ ನಿಲ್ಲಬೇಡಿ. ಆಗ ಮುಖ ಸ್ಪಷ್ಟವಾಗಿ, ಹಿಂದಿನ ಸಿಲ್ವರ್ ಓಕ್ ಮರಗಳು ಒಂದರ ಹಿಂದೊಂದು ತೆಳುವಾಗುತ್ತ ಹೋಗುತ್ತವೆ. ಆದರೆ ನಿಜವಾದ ಗಳಿಗೆ ದಟ್ಟ ಮಂಜಿನದಲ್ಲ. ಎಂಟೂವರೆ ಒಂಬತ್ತರ ಹೊತ್ತಿಗೆ ಮಂಜು ಏಳಲು ಆರಂಭಿಸಿ, ಸೂರ್ಯ ತೆಳು ಪಂಚೆಯ ಹಿಂದಿನ ದೀಪದಂತೆ ಕಾಣುವ ಹತ್ತು ನಿಮಿಷಗಳಿವೆ. ಬೆಳಕು ಆಗ ಮೆದುವೂ ಹೌದು, ದಿಕ್ಕುಳ್ಳದ್ದೂ ಹೌದು. ನಿಮ್ಮ ಪೂರ್ವಮುಖದ ಕೈಯಾಲೆಗೆ ಅದು ನೇರವಾಗಿ ಬರುತ್ತದೆ. ಹಳೆಲೆನ್ಸ್ ಅವರ ಎರಡೂವರೆಯ ಬೆಳಕು ಸುರಕ್ಷಿತವಾದದ್ದು, ಆದರೆ ನನ್ನ ಅಜ್ಜಿಯಾಗಿದ್ದರೆ ನಾನು ಈ ಹತ್ತು ನಿಮಿಷಕ್ಕೆ ಕಾಯುತ್ತಿದ್ದೆ.

ಹಳೆಲೆನ್ಸ್:

ಮಂಜು ಏಳದಿದ್ದರೆ? ಅಥವಾ ಅಂದು ಮಂಜೇ ಬೀಳದಿದ್ದರೆ? ಒಂದೇ ದಿನದ ಕೆಲಸಕ್ಕೆ ಹವಾಮಾನವನ್ನು ನಂಬುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಬೆಳಿಗ್ಗೆ ಪ್ರಯತ್ನಿಸಲಿ, ಮಧ್ಯಾಹ್ನದ್ದನ್ನು ಕೈಬಿಡದಿರಲಿ.

ಕಕ್ಕಬ್ಬೆ_ಕಣ:

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ನೆಂಟರು ಹೊರಟು ಮನೆ ಖಾಲಿಯಾಗುವ ಹೊತ್ತಿಗೆ ಹೊಸ ವರ್ಷವೇ ಬಂತು.

ಬೆಳಿಗ್ಗೆ ಏಳೂವರೆಗೆ ನೋಡಿದರೆ ಅಂಗಳದಾಚೆಯ ಕಣವೇ ಕಾಣದಷ್ಟು ಮಂಜಿತ್ತು. ಅಜ್ಜಿ ಪತ್ತಾಕ್, ಜೋಮಾಲೆ ಸರಗಳನ್ನು ಹಾಕಿಕೊಂಡು, ತಲೆಗೆ ವಸ್ತ್ರ ಕಟ್ಟಿಕೊಂಡು ಐಮರದ ಮೇಲೆ ಬಂದು ಕೂರುವ ಹೊತ್ತಿಗೆ ಎಂಟೂಮುಕ್ಕಾಲು. ಹುಲ್ಲಿನ ಮೇಲೆ ಗೋಣಿ ಹಾಸಿದ್ದೆ, ಥರ್ಮಾಕೋಲ್ ಹಲಗೆಯನ್ನು ಅಕ್ಕನ ಮಗ ಹಿಡಿದಿದ್ದ. ಮುಖಕ್ಕೆ ಮೀಟರ್ ಹಿಡಿದು, ಬಿಗಿಮಾಡಿ, ಬೂದು ಕಾರ್ಡಿನ ಚಿತ್ರವೊಂದನ್ನು ತೆಗೆದುಕೊಂಡೆ. ಕಾರ್ಡ್ ಯಾಕೆಂದು ಅಜ್ಜಿ ಕೇಳಿದಾಗ ಬಣ್ಣ ಹೊಂದಿಸಲು ಎಂದೆ. ತನ್ನ ಬಣ್ಣ ಏನೆಂದು ಎಂಬತ್ತೈದು ವರ್ಷವಾದರೂ ಗೊತ್ತಾಗಲಿಲ್ಲವೇ ಎಂದು ನಕ್ಕರು. ಆ ನಗುವಿನ ಹೊತ್ತಿಗೆ ಮಂಜು ತೆಳುವಾಗಿತ್ತು. ಎಡಗೆನ್ನೆಯ ಮೇಲೆ ಬೆಳಕು ಹಾಲಿನ ಕೆನೆಯಂತೆ ಕೂತು, ಬಲಗೆನ್ನೆಯ ಸುಕ್ಕುಗಳು ಒಂದೊಂದಾಗಿ ಎದ್ದು ಕಂಡವು, ಜೋಮಾಲೆಯ ಮಣಿಗಳ ಮೇಲೆ ಸಾಲಾಗಿ ಸಣ್ಣ ಚುಕ್ಕೆಗಳು ಹೊಳೆದವು. ಹನ್ನೊಂದು ಚಿತ್ರ ತೆಗೆಯುವಷ್ಟರಲ್ಲಿ ಬಿಸಿಲು ನೇರವಾಗಿ ಕೈಯಾಲೆಗೆ ನುಗ್ಗಿ ಅವರು ಕಣ್ಣು ಮುಚ್ಚಿಕೊಂಡರು.

ಮಧ್ಯಾಹ್ನ ಮೂರಕ್ಕೆ, ಕಣದ ಪಟ್ಟಿಯನ್ನು ಖಾಲಿ ಮಾಡಿಸಿ, ಇನ್ನೂ ನಲವತ್ತು ಚಿತ್ರ ತೆಗೆದೆ. ಅವುಗಳಲ್ಲಿ ಒಂದೂ ಕೆಟ್ಟಿಲ್ಲ. ಮನೆಯವರೆಲ್ಲ ಮಧ್ಯಾಹ್ನದ್ದನ್ನು ಮೆಚ್ಚಿದರು, ಅಜ್ಜಿ ಮತ್ತು ನಾನು ಬೆಳಗಿನದ್ದನ್ನು. ಬೆಳಗಿನದ್ದರಲ್ಲಿ ಹಿಂದೆ ಮನೆಯ ಬಾಗಿಲು ಸರಿಯಾಗಿ ಕಾಣುವುದಿಲ್ಲವೆಂಬುದೊಂದೇ ಮನೆಯವರ ಆಕ್ಷೇಪ.

ಈಗ ಕೊನೆಯ ಸಮಸ್ಯೆ. ಪೇಟೆಯ ಲ್ಯಾಬೊಂದರಲ್ಲಿ 12×18 ಅಂಗುಲದ ಪ್ರಿಂಟ್ ಹಾಕಿಸಿದೆ. ಮಾನಿಟರಿನಲ್ಲಿ ಸರಿಯಾಗಿದ್ದದ್ದು ನಡುಬಾಡೆಯ ಗೋಡೆಯ ಮೇಲೆ ಕತ್ತಲಾಗಿ ಕಾಣುತ್ತಿದೆ, ಬಲಗೆನ್ನೆ ಪೂರ್ತಿ ಮುಳುಗಿದೆ.

ಮದುವೆಮನೆ_ಕ್ಯಾಮೆರಾ:

ಅದೇ ಪ್ರಿಂಟನ್ನು ಕೈಯಾಲೆಗೆ ತಂದು ನೋಡಿ. ಅಲ್ಲಿ ಸರಿಯಾಗಿ ಕಂಡರೆ ಲ್ಯಾಬಿನ ತಪ್ಪಿಲ್ಲ, ನಿಮ್ಮ ಮಾನಿಟರ್ ಹೆಚ್ಚು ಬೆಳಗುತ್ತಿದೆ ಮತ್ತು ನಡುಬಾಡೆ ಕತ್ತಲೆಯ ಕೋಣೆ. ಮಾನಿಟರಿನ ಬೆಳಕನ್ನು ಅರ್ಧಕ್ಕೆ ಇಳಿಸಿಕೊಂಡು, ನೆರಳಿನ ಭಾಗವನ್ನು ಅರ್ಧ ಸ್ಟಾಪ್ ಎತ್ತಿ, ಮೊದಲು ಅಂಗೈಯಗಲದ ಒಂದು ತುಣುಕನ್ನು ಪ್ರಿಂಟ್ ಹಾಕಿಸಿ ಅದೇ ಗೋಡೆಯ ಮೇಲೆ ಇಟ್ಟು ನೋಡಿ. ಹೊಳೆಯುವ ಕಾಗದ ಬೇಡ, ಮ್ಯಾಟ್ ಇರಲಿ. ಇಲ್ಲದಿದ್ದರೆ ಎದುರಿನ ಬಾಗಿಲಿನ ಬೆಳಕೆಲ್ಲ ಅದರ ಮೇಲೆ ಪ್ರತಿಫಲಿಸುತ್ತದೆ.

ಕಕ್ಕಬ್ಬೆ_ಕಣ:

ಕೈಯಾಲೆಯಲ್ಲಿ ಸರಿಯಾಗಿಯೇ ಕಾಣುತ್ತಿದೆ. ಇನ್ನೊಂದು ಪ್ರಿಂಟ್ ಹಾಕಿಸುತ್ತೇನೆ. ಈ ಮೊದಲಿನದ್ದನ್ನು ಕೈಯಾಲೆಯ ಗೋಡೆಗೇ, ಐಮರದ ಮೇಲ್ಭಾಗಕ್ಕೆ ತೂಗುಹಾಕಲು ಅಜ್ಜಿ ಮೊಳೆ ಹುಡುಕಿಸುತ್ತಿದ್ದಾರೆ.